ಅಡುಗೆಮನೆಯ ನಡುಗಡ್ಡೆ

ಹೊಸ ಮನೆಯ ಅಡುಗೆಮನೆ ಇನ್ನೂ ಖಾಲಿ ಇದ್ದಾಗಲೇ ನಾನು ಅದರಲ್ಲಿ ಬಹಳ ದಿನ ಅಡುಗೆ ಮಾಡಿದ್ದೇನೆ. ಕಿಟಕಿಗೆ ಚೌಕಟ್ಟು ಮಾತ್ರ ಕೂತಿತ್ತು, ಬಾಗಿಲು ಇರಲೇ ಇಲ್ಲ, ನೆಲಕ್ಕೆ ಕಾಂಕ್ರೀಟು ಬಿದ್ದು ಟೈಲ್ಸ್ ಬರುವುದಿತ್ತು. ಗಂಗಾವತಿಯಲ್ಲಿ ನಮ್ಮದೊಂದು ಔಷಧದ ಅಂಗಡಿ ಇದೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಅಂಗಡಿಯನ್ನು ನಮ್ಮ ಮನೆಯವರಿಗೆ ಒಪ್ಪಿಸಿ ನಾನು ಆ ಖಾಲಿ ಕೋಣೆಗೆ ಹೋಗಿ ನಿಲ್ಲುತ್ತಿದ್ದೆ. ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲೆ ಮಲಗಿರುತ್ತಿತ್ತು. ರೈಸ್‌ಮಿಲ್ಲಿನ ಕಡೆಯಿಂದ ಗಾಳಿ ಬೀಸಿದರೆ ತೌಡಿನ ವಾಸನೆ. ಒಂದೆರಡು ಹೊಟ್ಟಿನ ಚೂರು ತೇಲುತ್ತ ಒಳಗೆ ಬಂದು, ಎಲ್ಲಿಯೂ ಕೂರದೆ, ಬಂದ ದಾರಿಯಲ್ಲೇ ಹೊರಗೆ ಹೋಗುತ್ತಿದ್ದವು. ನಾನು ಇಲ್ಲದ ಒಲೆ ಹಚ್ಚಿ, ಇಲ್ಲದ ಪಾತ್ರೆಯಲ್ಲಿ ಇಲ್ಲದ ಚಹಾ ಕುದಿಸಿ, ಸೋಸಿ, ಎರಡು ಕಪ್ಪಿಗೆ ಹಾಕುತ್ತಿದ್ದೆ. ಒಮ್ಮೆ ಗೋಡೆ ಕಟ್ಟುವ ಗೌಂಡಿ ನೋಡಿಯೇ ಬಿಟ್ಟ. ಪಾಪ, ಕೈಯಲ್ಲಿದ್ದ ಬುಟ್ಟಿ ಅಲ್ಲೇ ಇಟ್ಟು ಹೊರಟುಹೋದ.

ಆ ಎರಡನೆಯ ಕಪ್ಪು ನನ್ನ ನೆಗೆಣ್ಣಿಯದು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯದು. ಅವರನ್ನು ನಾನು ಮದುವೆಯಾದ ದಿನದಿಂದ ಅಕ್ಕಾ ಎಂದೇ ಕರೆಯುವುದು. ಅವರು ಯಲಬುರ್ಗಾ ಕಡೆಯ ಜೋಳದ ನಾಡಿನವರು, ನಾನು ಇಲ್ಲೇ ಸಿದ್ದಾಪುರದ ಕಡೆ ಕಾಲುವೆ ನೀರಿನ ಭತ್ತದ ಊರಿನವಳು. ಅವರ ಕೈ ರೊಟ್ಟಿಗೆ, ನನ್ನ ಕೈ ಅನ್ನಕ್ಕೆ. ಹಳೆಯ ಮನೆಯಲ್ಲಿ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಇದ್ದೆವು. ಅಡುಗೆಮನೆ ಅನ್ನುವುದು ದೊಡ್ಡ ಮಾತಾಯಿತು. ಅದೊಂದು ಓಣಿ. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಹೊಟ್ಟೆ ಒಳಗೆ ಎಳೆದುಕೊಂಡು, ಅಡ್ಡಡ್ಡವಾಗಿ ದಾಟಬೇಕು. ಒಂದು ಬೆಳಗ್ಗೆ ಯಾರ ಮೊಣಕೈ ಯಾರಿಗೆ ತಾಗಿತೋ, ಕಾಯಿಸಿದ ಹಾಲು ನೆಲಕ್ಕೆ ಹೋಯಿತು. ನೋಡಿಕೊಂಡು ಬರಬಾರದೇನು ಎಂದು ಇಬ್ಬರೂ ಒಟ್ಟಿಗೇ ಅಂದೆವು. ಆ ಮಾತಿಗೆ ಹಿಂದಿನ ಮಾತು ಸೇರಿ, ತವರುಮನೆಯ ಮಾತು ಸೇರಿ, ವರ್ಷ ತಿರುಗುವುದರೊಳಗೆ ಒಲೆ ಬೇರೆಯಾಯಿತು. ಭಾವ ಶಾಲೆಯ ಮಾಸ್ತರು. ಕುಷ್ಟಗಿಗೆ ವರ್ಗ ಮಾಡಿಸಿಕೊಂಡು ಅಕ್ಕನನ್ನು ಕರೆದುಕೊಂಡು ಹೋದರು. ಆಮೇಲೆ ಮದುವೆ ಮುಂಜಿಯಲ್ಲಿ ಸಿಕ್ಕರೆ ಆರಾಮಾ, ಆರಾಮ್ರಿ, ಅಷ್ಟೇ.

ಈಗ ಭಾವನಿಗೆ ಗಂಗಾವತಿ ಹತ್ತಿರದ ಶಾಲೆಗೆ ವರ್ಗವಾಗುವುದು ಗಟ್ಟಿಯಾಗಿತ್ತು. ಅಣ್ಣತಮ್ಮ ಇಬ್ಬರೂ ಕೂಡಿ ಮನೆ ಕಟ್ಟಿಸಲು ತೊಡಗಿದ್ದರು. ಕೆಳಗೆ ನಾವು, ಮೇಲೆ ಅವರು. ಗಂಡಸರ ಮಾತು ಅಲ್ಲಿಗೆ ಮುಗಿಯಿತು. ಅಡುಗೆಮನೆ ಒಂದೋ ಎರಡೋ ಎನ್ನುವುದನ್ನು ಹೆಂಗಸರು ನೋಡಿಕೊಳ್ಳಲಿ ಎಂದು ಕೈ ತೊಳೆದುಕೊಂಡರು. ನಾನು ಫೋನಿನಲ್ಲಿ ಕೇಳಿದೆ, "ಅಕ್ಕಾ, ಒಂದ ಮಾಡ್ಸೋಣೇನ್ರಿ?" ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಬಂದು ನೋಡ್ತೀನಿ ತಂಗಿ" ಅಂದು ಇಟ್ಟರು.

ನನಗೆ ಅವರು ಬೇಕಿತ್ತು. ಬಿಡಿಸಿ ಹೇಳಬೇಕೆಂದರೆ, ನನ್ನ ಮಗ ಹಾಸ್ಟೆಲಿಗೆ ಹೋದ ಮೇಲೆ ನಾನು ಅಡುಗೆಮನೆಯಲ್ಲಿ ನನಗೆ ನಾನೇ ಮಾತಾಡಿಕೊಳ್ಳಲು ಶುರು ಮಾಡಿದ್ದೆ. ಸಾರಿಗೆ ಉಪ್ಪು ಹಾಕಿ, "ಸಾಕಲ್ಲ?" ಎಂದು ಗಾಳಿಯನ್ನು ಕೇಳುತ್ತಿದ್ದೆ. ಸಾಕು ಅನ್ನುವ ಒಂದು ದನಿಗಾಗಿ ಆಸೆಪಡುತ್ತಿದ್ದೆ. ಆದರೆ ಮತ್ತೆ ಆ ಓಣಿಯಂಥ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಬದುಕುವ ಧೈರ್ಯ ನನಗಿರಲಿಲ್ಲ. ಇಷ್ಟು ವರ್ಷ ಯೋಚಿಸಿ ನಾನೊಂದು ತೀರ್ಮಾನಕ್ಕೆ ಬಂದಿದ್ದೆ: ಮನೆ ಮುರಿಯುವುದು ಮನಸ್ಸಿನಿಂದಲ್ಲ, ಜಾಗ ಸಾಲದ್ದರಿಂದ. ಇದನ್ನು ಯಾರಾದರೂ ಅಲ್ಲ ಅಂದರೆ ನನಗೆ ಸಿಟ್ಟು ಬರುತ್ತಿತ್ತು.

ಹಾಗಿರುವಾಗಲೇ ಫೋನಿನಲ್ಲಿ ಆ ವಿಡಿಯೋ ಸಿಕ್ಕಿದ್ದು. ಅಡುಗೆಮನೆಯ ನಟ್ಟನಡುವೆ, ಯಾವ ಗೋಡೆಗೂ ತಾಗದೆ, ಒಂದು ಕಟ್ಟೆ. ಸುತ್ತಲೂ ಓಡಾಡಬಹುದು. ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಐಲ್ಯಾಂಡ್ ಅಂತೆ ಎಂದು ನಾನು ತೋರಿಸಿದರೆ ನಮ್ಮ ಮನೆಯವರು ಕನ್ನಡಕ ಏರಿಸಿ ನೋಡಿ, "ನಡುಗಡ್ಡಿ ಅನ್ನು. ಮಳಿಗಾಲದಾಗ ದಾಟಾಕ ಹರಗೋಲ ಬೇಕೇನ ಮತ್ತ?" ಅಂದರು. ಅವರು ಕುಹಕಕ್ಕೆ ಅಂದದ್ದು ನನ್ನಲ್ಲಿ ಬೇರೆಯೇ ಕೆಲಸ ಮಾಡಿತು. ಚಿಕ್ಕವಳಿದ್ದಾಗ ತುಂಗಭದ್ರೆಯ ನಡುವೆ ಒಂದು ನಡುಗಡ್ಡೆ ನೋಡುತ್ತಿದ್ದೆ. ಅದರ ಮೇಲೆ ಹುಲ್ಲು, ಎರಡು ಮರ, ಬೆಳ್ಳಕ್ಕಿ. ಬೇಸಿಗೆಯಲ್ಲಿ ನೀರು ಇಳಿದಾಗ ಅದು ನಮ್ಮ ಕಡೆ ಒಂದಿಷ್ಟು ಸರಿದು ಬಂದಂತೆ ಕಾಣುತ್ತಿತ್ತು. ಅಲ್ಲಿ ಒಂದು ಒಲೆ ಹೂಡಿ ಕೂತರೆ ಹೇಗಿರುತ್ತದೆ ಎಂದು ದಡದಲ್ಲಿ ನಿಂತು ಅಂದುಕೊಳ್ಳುತ್ತಿದ್ದೆ. ಹೋಗಿದ್ದಂತೂ ಇಲ್ಲ.

ಅಂದಿನಿಂದ ನನ್ನ ಮಧ್ಯಾಹ್ನಗಳು ಅಳತೆಯಲ್ಲಿ ಕಳೆದವು. ರಂಗೋಲಿ ಪುಡಿ ತೆಗೆದುಕೊಂಡು ಹೋಗಿ ಕಾಂಕ್ರೀಟಿನ ಮೇಲೆ ಗೆರೆ ಎಳೆದೆ. ಉದ್ದ ಆರು ಅಡಿ, ಅಗಲ ನಾಲ್ಕು ಅಡಿ. ಅಗಲ ಅಷ್ಟಿದ್ದರೆ ಎದುರುಬದುರು ನಿಂತ ಇಬ್ಬರ ಕೈ ಎಷ್ಟು ಚಾಚಿದರೂ ತಾಗುವುದಿಲ್ಲ. ಒಲೆಯ ಕಟ್ಟೆಗೂ ಇದಕ್ಕೂ ನಡುವೆ ಐದಡಿ ಬಿಟ್ಟೆ. ಒಬ್ಬರು ಒಲೆಯ ಮುಂದೆ ಇದ್ದರೆ ಇನ್ನೊಬ್ಬರು ನೀರಿನ ಕೊಡ ಹಿಡಿದು ಸೆರಗು ಕೂಡ ಸೋಕದಂತೆ ಹೋಗಬಹುದು. ಫ್ರಿಜ್ಜಿನ ಬಾಗಿಲು ಪೂರ್ತಿ ತೆಗೆದರೂ ಅಡ್ಡಿಯಿಲ್ಲ. ಗೆರೆಯ ಸುತ್ತ ನಾನೊಬ್ಬಳೇ ಸುತ್ತುತ್ತಿದ್ದೆ, ಆ ಕಡೆ ಹೋಗಿ ಅಕ್ಕನಾಗಿ ನಿಲ್ಲುತ್ತಿದ್ದೆ, ಈ ಕಡೆ ಬಂದು ನಾನಾಗುತ್ತಿದ್ದೆ. ಸಂಜೆ ಬಿಸಿಲು ಕೆಂಪಗಾದಾಗ ಆ ಬಿಳಿ ಗೆರೆಯ ಒಳಗಿನ ನೆಲ ಮಾತ್ರ ಸ್ವಲ್ಪ ಮೇಲೆದ್ದಂತೆ ಕಾಣುತ್ತಿತ್ತು. ಸುತ್ತಲಿನದು ನೀರೇ ಎಂದು ನನಗೆ ಅನ್ನಿಸಿಬಿಡುತ್ತಿತ್ತು. ಗೌಂಡಿ ಮಾತ್ರ ಮೂಗು ಮುರಿದ. "ಇಷ್ಟು ದೊಡ್ಡ ಕಟ್ಟಿ ಮ್ಯಾಲ ಎತ್ತು ಮಲಗಬಹುದು ನೋಡ್ರಿ" ಅಂದ. ಮಲಗಲಿ, ನಿನಗೇನು ಅಂದೆ.

ತೊಡಕು ತಂದವನು ವೈರಿಂಗಿನವನು. ಗೋಡೆಗೆ ಕೂತ ಕಟ್ಟೆಯಾದರೆ ಗೋಡೆ ಕೊರೆದು ಯಾವಾಗ ಬೇಕಾದರೂ ವೈರು ಎಳೆಯಬಹುದು. ನಡುವೆ ಕೂತ ಕಟ್ಟೆಗೆ ಗೋಡೆಯೇ ಇಲ್ಲ. ಕರೆಂಟು ನೆಲದ ಕೆಳಗಿನಿಂದಲೇ ಬರಬೇಕು, ಟೈಲ್ಸ್ ಹಾಕುವ ಮೊದಲೇ ಪೈಪು ಹೂಳಬೇಕು.

"ಮಿಕ್ಸರ್ ಎಲ್ಲಿ, ಕರೆಂಟ್ ಒಲಿ ಎಲ್ಲಿ, ಈಗ ಹೇಳಬೇಕ್ರಿ ಅಕ್ಕಾರ. ಪಾಯಿಂಟು ಕಟ್ಟೀ ಅಂಚಿನ ಕೆಳಗ ಕೊಡ್ತೀನಿ, ನೀರ ಹೋಗಂಗಿಲ್ಲ. ಒಂದು ಕಡಿ ಸಾಕೋ, ಎರಡೂ ಕಡಿ ಬೇಕೋ? ಮ್ಯಾಲ ಇನ್ನೊಂದು ಅಡಗಿಮನಿ ಮಾಡೂದಾದ್ರ ಅದನ್ನೂ ಈಗ ಹೇಳ್ರಿ. ಆಮ್ಯಾಲ ಟೈಲ್ಸ್ ಒಡಿ ಅಂತ ಅನಬ್ಯಾಡ್ರಿ."

ನಾನು ನಾಳೆ ಹೇಳುತ್ತೇನೆ ಅಂದೆ. ನಾಳೆಯೂ ನಾಳೆ ಅಂದೆ. ಹೇಳಬೇಕಾದ ಮಾತು ನನ್ನದಾಗಿರಲಿಲ್ಲ, ಅಕ್ಕನದಾಗಿತ್ತು. ಟೈಲ್ಸಿನ ಪೆಟ್ಟಿಗೆಗಳು ಬಂದು ಹೊರಗಿನ ಕೋಣೆಯಲ್ಲಿ ಕೂತವು. ಅವನ್ನು ನೋಡದಂತೆ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದೆ.

ಕೊನೆಗೆ ಒಂದು ರವಿವಾರ ಅಕ್ಕ ಬಂದರು. ಭಾವ ನಮ್ಮ ಮನೆಯವರ ಜೊತೆ ನೀರಿನ ತೊಟ್ಟಿ ನೋಡಲು ಹಿತ್ತಲಿಗೆ ಹೋದರು. ಅಕ್ಕ ಅಡುಗೆಮನೆಯ ಹೊಸ್ತಿಲಿನಲ್ಲೇ ನಿಂತರು. ಕೂದಲು ಬೆಳ್ಳಗಾಗಿತ್ತು. ಮಗಳನ್ನು ಮದುವೆ ಮಾಡಿಕೊಟ್ಟ ಮೇಲೆ ಸೊರಗಿದ್ದಾರೆ ಎಂದು ಕೇಳಿದ್ದೆ, ನೋಡಿದಾಗ ನಿಜ ಅನ್ನಿಸಿತು. ಕೋಣೆಯ ಮೂಲೆಯಲ್ಲಿ ವೈರಿಂಗಿನವನು ಸುರುಳಿ ಬಿಚ್ಚುತ್ತಿದ್ದ. ಅಕ್ಕ ರಂಗೋಲಿಯ ಗೆರೆ ನೋಡಿ, "ಇದೇನ ತಂಗಿ, ಯಾರ ಪೂಜಿ?" ಅಂದರು.

ಹೇಳಿದೆ. ಆರು ಅಡಿ, ನಾಲ್ಕು ಅಡಿ, ಐದು ಅಡಿ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಗೆರೆಯ ಸುತ್ತ ನಿಧಾನ ಒಂದು ಸುತ್ತು ಬಂದರು. ತುಳಿಯಲಿಲ್ಲ. ಆಮೇಲೆ, "ರೊಟ್ಟಿ ಎಲ್ಲಿ ಬಡಿಬೇಕು?" ಎಂದು ಕೇಳಿದರು.

"ಇಲ್ಲೇರಿ, ಇದರ ಮ್ಯಾಲ. ನಿಂತ ಬಡೀರಿ, ಮೊಣಕಾಲ ನೋವಾಗೂದಿಲ್ಲ."

ನಾನು ಇಟ್ಟಿಗೆ ಪೇರಿಸಿ ಮೇಲೆ ಒಂದು ಹಲಗೆ ಇಟ್ಟೆ. ಅಕ್ಕ ಅದರ ಮುಂದೆ ನಿಂತು ಎತ್ತರ ನೋಡಿದರು, ಒಂದು ಸಾಲು ಇಟ್ಟಿಗೆ ತೆಗೆಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಇಲ್ಲದ ಪರಾತಿನಲ್ಲಿ ಇಲ್ಲದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದರು. ನಾನು ನಗಲಿಲ್ಲ, ಅವರೂ ನಗಲಿಲ್ಲ. ಒಂದು ಉಂಡೆ ಮಾಡಿ ಹಲಗೆಯ ಮೇಲಿಟ್ಟು ಬಡಿಯತೊಡಗಿದರು. ಖಾಲಿ ಕೋಣೆಯಲ್ಲಿ ಆ ಸಪ್ಪಳ ನಾಲ್ಕೂ ಗೋಡೆಗೆ ತಾಗಿ ತಿರುಗಿ ಬರುತ್ತಿತ್ತು. ಎಷ್ಟು ವರ್ಷವಾಗಿತ್ತು ಆ ಸಪ್ಪಳ ಕೇಳಿ! ಹಳೆಯ ಮನೆಯಲ್ಲಿ ನಾನು ಅದಕ್ಕೇ ಏಳುತ್ತಿದ್ದೆ. ಅವರ ಬೆರಳ ತುದಿಯಲ್ಲಿ ರೊಟ್ಟಿ ತಿರುಗುವುದು ನನಗೆ ಕಂಡಿತು, ಅಂಚು ತೆಳ್ಳಗಾಗುವುದೂ ಕಂಡಿತು. ವೈರಿಂಗಿನವನೂ ಕೈ ನಿಲ್ಲಿಸಿ ನೋಡುತ್ತಿದ್ದ.

ಅಕ್ಕ ಆ ರೊಟ್ಟಿಯನ್ನು ಎರಡೂ ಅಂಗೈಯ ಮೇಲೆ ಎತ್ತಿಕೊಂಡು ಒಲೆಯ ಕಡೆ ತಿರುಗಿದರು. ಹಂಚು ಇರಬೇಕಾದ ಜಾಗ ನಾನು ಬಿಟ್ಟ ಐದಡಿಯ ಆಚೆ ಇತ್ತು. ಕೈ ಮುಂದೆ ಹಿಡಿದು ನಡೆದರು. ಅರ್ಧ ದಾರಿಯಲ್ಲಿ ನಿಂತರು. ಅಂಗೈ ನೋಡಿಕೊಂಡರು.

"ಹರೀತು" ಅಂದರು.

"ಏನ್ರಿ ಅಕ್ಕಾ?"

"ರೊಟ್ಟಿ ಹರೀತ ತಂಗಿ. ಬಡಿದಲ್ಲಿಂದ ತಿರುಗಿದ್ರ ಹಂಚು ಸಿಗಬೇಕು. ಇದನ್ನ ಹೊತ್ಕೊಂಡ ಊರ ಸುತ್ತಾಕಾಗತೈತೇನು?"

ಈಗ ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ನನ್ನ ಗೆರೆಯ ಹತ್ತಿರ ಬಂದು ಕಾಲಿನಿಂದ ಅದನ್ನು ಉದ್ದಕ್ಕೂ ಅಳಿಸಿದರು. ರಂಗೋಲಿ ಪುಡಿಯ ಡಬ್ಬಿ ಕೇಳಿ ಇಸಿದುಕೊಂಡು, ಬಗ್ಗಿ, ಇಡೀ ಕಟ್ಟೆಯನ್ನೇ ಒಲೆಗೆ ಹತ್ತಿರ ಸರಿಸಿ ಹೊಸ ಗೆರೆ ಎಳೆದರು. ಅವರ ಗೆರೆ ನನ್ನದಕ್ಕಿಂತ ನೆಟ್ಟಗಿತ್ತು. ಆಮೇಲೆ ಕಟ್ಟೆಯ ಅಗಲವನ್ನೂ ಬಿಡಲಿಲ್ಲ. ನನ್ನನ್ನು ಆ ಕಡೆ ನಿಲ್ಲಿಸಿ, ತಾವು ಈ ಕಡೆ ನಿಂತು, "ಕೈ ಚಾಚು" ಅಂದರು. ಚಾಚಿದೆ. ತಾಗಲಿಲ್ಲ. ಒಂದಡಿ ಒಳಗೆ ಇನ್ನೊಂದು ಗೆರೆ ಎಳೆದು ನನ್ನನ್ನು ಅಲ್ಲಿಗೆ ಎಳೆದುಕೊಂಡರು. ಈಗ ನನ್ನ ಬೆರಳಿಗೆ ಅವರ ಬೆರಳು ಸಿಕ್ಕಿತು. ಒರಟಾಗಿತ್ತು, ಬೆಚ್ಚಗಿತ್ತು.

ನನ್ನ ಎಷ್ಟೋ ಮಧ್ಯಾಹ್ನಗಳ ಲೆಕ್ಕಾಚಾರವನ್ನು ಈಕೆ ಒಂದೇ ಗಳಿಗೆಯಲ್ಲಿ ಒರೆಸಿ ಹಾಕಿದರಲ್ಲ ಎಂದು ನನಗೆ ಒಳಗೊಳಗೇ ಉರಿಯಿತು. ಹೆದರಿಕೆಯೂ ಆಯಿತು. "ಅಕ್ಕಾ, ಇಷ್ಟು ಹತ್ತಿರ ಬ್ಯಾಡ್ರಿ" ಅಂದೆ. "ಮತ್ತ ಕೈಗೆ ಕೈ ಬಡೀತಾವು. ಮತ್ತ ಮಾತಿಗೆ ಮಾತು ಹತ್ತತೈತಿ. ಅದಕ್ಕಂತನ ನಾ ದೂರ ಇಟ್ಟಿದ್ದು."

ಅಕ್ಕ ಡಬ್ಬಿಯ ಮುಚ್ಚಳ ಹಾಕುತ್ತ ನಿಂತರು. ಹಾಗಾದರೆ ಮೇಲೆಯೇ ಇರಲಿ ನನ್ನ ಒಲೆ ಅನ್ನುತ್ತಾರೆ ಎಂದು ಅಂದುಕೊಂಡೆ. ನಾನೇ ಬಾಯಿಬಿಟ್ಟು ಕೆಡಿಸಿದೆನೋ ಏನೋ. ಹಿತ್ತಲಿನಲ್ಲಿ ಗಂಡಸರ ಮಾತು ಮುಗಿಯುತ್ತ ಬಂದಿತ್ತು.

ವೈರಿಂಗಿನವನಿಗೆ ಇದ್ಯಾವುದರ ಗೊಡವೆ ಇರಲಿಲ್ಲ. ಅವನು ಸೀಮೆಸುಣ್ಣ ಹಿಡಿದು ಮುಂದೆ ಬಂದ. "ದೊಡ್ಡಕ್ಕಾರ, ನೀವರ ಹೇಳ್ರಿ. ಮ್ಯಾಲ ಅಡಗಿಮನೀಗೆ ಪಾಯಿಂಟ್ ಬಿಡ್ಲ್ಯೋ, ಬ್ಯಾಡೋ?"

ಅಕ್ಕ ತಾವು ಎಳೆದ ಗೆರೆಯನ್ನೇ ನೋಡುತ್ತಿದ್ದರು. "ಮ್ಯಾಲ ಬ್ಯಾಡಪಾ" ಅಂದರು. "ಇಲ್ಲೆ ಎರಡೂ ಕಡಿ ಕೊಡು. ಇಕೀಗೊಂದು, ನನಗೊಂದು."

ಅವನು ನೆಲದಲ್ಲಿ ಕೂತು ಗುರುತು ಹಾಕಿಕೊಳ್ಳತೊಡಗಿದ. ಅಕ್ಕ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಸೊಂಟದ ಸೆರಗು ಬಿಚ್ಚಿ ಅದರಿಂದಲೇ ಮುಖ ಒರೆಸಿಕೊಂಡರು.

"ಜಗಳ ಆಗಲಿ ಬಿಡು ತಂಗಿ" ಅಂದರು. "ಆಡಾಕ ಎದುರಿಗೊಬ್ಬರು ಬೇಕಲ್ಲ. ಅಲ್ಲಿ ಕುಷ್ಟಗ್ಯಾಗ ಗ್ವಾಡಿ ಜೋಡಿ ಎಷ್ಟಂತ ಆಡ್ಲಿ?"