ಸೊನ್ನೆ ಬಂದ ಎಂಟು ತಿಂಗಳು

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಹುಲೇಕಲ್‌ನಿಂದ ಯಲ್ಲಾಪುರಕ್ಕೆ ಬಂದವನು ನಮ್ಮ ಜಗಲಿಯಲ್ಲಿ ಎಲೆ ಅಡಿಕೆಯ ಕವಳ ಹಾಕುತ್ತ ಕೂತು, "ನಾಟಾ ಡಿಪೋದಲ್ಲಿ ದಿಮ್ಮಿ ಹೊರಳಿಸೋನ ಮಗಳು ಕ್ಯಾನ್ಸರಿಗೆ ಔಷಧ ಹುಡುಕೂಕೆ ಹೊರಟಿದಾಳೆ. ನಮ್ಮ ಪೈಕಿ ಆಗೂದಲ್ಲ ಭಾವ. ಡಿಗ್ರಿ ಆತಲ, ಸಾಕು," ಎಂದಿದ್ದ. ಅವ್ವ ಒಳಗಿನಿಂದಲೇ, "ಕವಳ ಉಗಿಯೂದಿದ್ರೆ ಅಂಗಳಕ್ಕೆ ಹೋಗು," ಎಂದಳು.

ಆಗುತ್ತದೆ ಎಂದವಳು ಒಬ್ಬಳೇ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ನನಗಿಂತ ನಾಲ್ಕು ವರ್ಷ ಮುಂದಿದ್ದವಳು, ಸಿದ್ದಾಪುರ ತಾಲೂಕಿನ ದೊಡ್ಮನೆಯವಳು. ಸಂದರ್ಶನ ಮುಗಿಸಿ ನಾನು ಕಾರಿಡಾರಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಹತ್ತಿರ ಬಂದು, "ಯಲ್ಲಾಪುರದ ಕೂಸನೆ ನೀನು? ಹೆದ್ರಡ, ಆಗ್ತು. ಆನು ಇದ್ದಿ," ಎಂದಳು. ಆನು ಎಂದರೆ ನಾನು; ನಮ್ಮ ಮನೆಯ ಮಾತು ಅದಲ್ಲ. ಆದರೂ ಸಂತೆಯಲ್ಲಿ, ಬಸ್ಸಿನಲ್ಲಿ ಕೇಳುತ್ತಲೇ ಬೆಳೆದದ್ದು. ಬಯಲುಸೀಮೆಯ ಆ ಊರಿನಲ್ಲಿ ಅದು ಕಿವಿಗೆ ಬಿದ್ದದ್ದೇ ನನ್ನ ಅರ್ಧ ಹೆದರಿಕೆ ಇಳಿಯಿತು. ಅವತ್ತಿನಿಂದ ಅವಳು ನನಗೆ ಅಕ್ಕ. ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆ, ಅಕ್ಕಪಕ್ಕದ ಮಂಚ. ಅವ್ವ ಕಳಿಸುತ್ತಿದ್ದ ಉಪ್ಪಿನಕಾಯಿ ಇಬ್ಬರಿಗೂ.

ನನ್ನ ಕೆಲಸ ಹೇಳುವುದಕ್ಕೆ ಸುಲಭ. ಒಂದು ಬಗೆಯ ಕ್ಯಾನ್ಸರ್ ಕೋಶಗಳ ಮೈಮೇಲೆ ಒಂದು ಪ್ರೊಟೀನು ಇದೆ ಎಂದು ನಮ್ಮ ಊಹೆ. ಆ ಪ್ರೊಟೀನನ್ನೇ ಹುಡುಕಿ ಹಿಡಿದುಕೊಳ್ಳುವ ಪ್ರತಿಕಾಯವೊಂದು ಲ್ಯಾಬಿನಲ್ಲಿ ತಯಾರಾಗಿತ್ತು. ಮುಂದೆ ಔಷಧವಾದರೂ ಆಗಬಹುದಾದ ವಸ್ತು. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿ, ಕೋಶಗಳ ಜೊತೆ ಬೆರೆಸಿ ಮಂಜುಗಡ್ಡೆಯ ಮೇಲಿಡಬೇಕು. ಅಂಟದೆ ಉಳಿದದ್ದನ್ನು ತೊಳೆದು ತೆಗೆಯಬೇಕು. ಆಮೇಲೆ ಯಂತ್ರವು ಒಂದೊಂದೇ ಕೋಶವನ್ನು ಲೇಸರ್ ಬೆಳಕಿನ ಮುಂದೆ ಹಾಯಿಸಿ ಎಷ್ಟು ಹೊಳೆಯಿತೆಂದು ಅಳೆಯುತ್ತದೆ. ಹೊಳೆದರೆ ಅಂಟಿದೆ. ಇಲ್ಲವಾದರೆ ಇಲ್ಲ. ನನ್ನ ಪಿಎಚ್‌ಡಿ ನಿಂತದ್ದು ಈ ಒಂದು ಅಳತೆಯ ಮೇಲೆ.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಅವ್ವ ಹಿಡಿದುಕೊಂಡದ್ದು ಒಂದೇ ಶಬ್ದ. ವಾರಕ್ಕೆ ಎರಡು ಸಲ ಫೋನು ಮಾಡಿ, ಊಟ ಆಯಿತೇ ಎಂದು ಕೇಳುವ ಮೊದಲು, "ಅಂಟ್ತನೇ?" ಎನ್ನುತ್ತಿದ್ದಳು. ಹಿಂದಿನಿಂದ ಅಪ್ಪನ ದನಿ: "ಅಂಟು ಸರಿ ಇಲ್ವೇನ ಕೇಳು. ಬೇರೆ ಕಂಪನೀದು ತಗಳಕೆ ಹೇಳು."

ಕೋಶಗಳು ಪ್ಲಾಸ್ಟಿಕ್ ಬಾಟಲಿಯ ತಳ ಕಚ್ಚಿಕೊಂಡು ಬೆಳೆಯುತ್ತವೆ. ಅಳೆಯುವ ಮೊದಲು ಅವನ್ನು ಅಲ್ಲಿಂದ ಎಬ್ಬಿಸಬೇಕು. ಹೇಗೆಂದು ಅಕ್ಕ ನೀಲಿ ಪೆನ್ನಿನಲ್ಲಿ ಒಂದು ಹಾಳೆ ಬರೆದುಕೊಟ್ಟಳು: ಟ್ರಿಪ್ಸಿನ್ ಹಾಕು, ಐದು ನಿಮಿಷ ಬಿಡು. ಟ್ರಿಪ್ಸಿನ್ ಎಂದರೆ ಪ್ರೊಟೀನು ಕತ್ತರಿಸುವ ಕಿಣ್ವ. ಕೋಶದ ಹಿಡಿತವನ್ನು ಕತ್ತರಿಸಿ ಬಿಡಿಸುತ್ತದೆ. ಎಲ್ಲ ಲ್ಯಾಬುಗಳಲ್ಲೂ ಬಳಸುವಂಥದ್ದೇ. ನಾನು ಆ ಹಾಳೆಗೆ ಪ್ಲಾಸ್ಟಿಕ್ ಹೊದಿಸಿ ಮೇಜಿನೆದುರು ಅಂಟಿಸಿದೆ.

ಮೊದಲ ಸಲ ಸೊನ್ನೆ ಬಂತು. ಎರಡನೆಯ ಸಲವೂ. ಬಣ್ಣ ಬದಲಿಸಿದೆ, ಪ್ರತಿಕಾಯ ಹೆಚ್ಚು ಮಾಡಿದೆ, ಹೊಸ ಕೋಶ ತರಿಸಿದೆ. ಹೋಲಿಕೆಗೆಂದು ಇಟ್ಟ ಇನ್ನೊಂದು ಪ್ರೊಟೀನು ಪ್ರತಿ ಸಲ ಚೆನ್ನಾಗಿ ಹೊಳೆಯುತ್ತಿತ್ತು. ಅಂದರೆ ವಿಧಾನ ಸರಿ, ಯಂತ್ರವೂ ಸರಿ. ತಪ್ಪಿದ್ದರೆ ನನ್ನ ಕೈಯಲ್ಲಿ. ಎಂಟು ತಿಂಗಳು ಹೀಗೇ ಹೋಯಿತು. ಬೇರೆ ಲ್ಯಾಬಿನವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮನೆಯಲ್ಲಿ ಓದಿದವರಿಲ್ಲದೆ ಬಂದವರಿಗೆ ಈ ಚಾಳಿ ಇರುತ್ತದೆ: ಕೇಳಿದರೆ ಗೊತ್ತಿಲ್ಲವೆಂದು ಗೊತ್ತಾಗಿಬಿಡುತ್ತದಲ್ಲ ಎಂಬ ಭಯ. ನಮ್ಮವಳು ಹೇಳಿಕೊಟ್ಟದ್ದನ್ನು ಪರರ ಹತ್ತಿರ ಪರೀಕ್ಷೆ ಮಾಡಿಸುವುದು ಸರಿಯೂ ಅನ್ನಿಸಲಿಲ್ಲ.

ಲ್ಯಾಬಿನ ಸಭೆಯಲ್ಲಿ ಗೈಡ್ ನನ್ನ ಗ್ರಾಫನ್ನು ನೋಡಿ ಕನ್ನಡಕ ತೆಗೆದರು. ಅಕ್ಕ ನನ್ನ ಪರವಾಗಿಯೇ ಮಾತಾಡಿದಳು: "ಅವಳ ತಪ್ಪಲ್ಲ ಸರ್. ನನ್ನ ಪೇಪರಿನಲ್ಲೂ ಹೀಗೇ ಬಂದಿತ್ತಲ್ಲ. ಈ ಕೋಶಗಳ ಮೇಲೆ ಆ ಪ್ರೊಟೀನು ಇಲ್ಲ ಅಂತಲೇ ಬರೆದಿದ್ದೆ." ಅವಳ ಆ ಪೇಪರು ಅಚ್ಚಾಗಿ ಎರಡು ವರ್ಷವಾಗಿತ್ತು; ಹೊಸ ಪ್ರತಿಕಾಯದಿಂದ ಇನ್ನೊಮ್ಮೆ ನೋಡೋಣವೆಂದೇ ಗೈಡ್ ನನಗೆ ಈ ವಿಷಯ ಕೊಟ್ಟಿದ್ದರು. ಗೈಡ್ ನನ್ನ ಕಡೆ ತಿರುಗಿ, "ಮುಂದಿನ ಸಮಿತಿಗೆ ಒಂದರೆ ಗ್ರಾಫ್ ತೋರಿಸವಾ. ಇಲ್ಲಾಂದ್ರ ಈ ವಿಷಯ ಮುಚ್ಚೂಣು, ನೀ ಬ್ಯಾರೆ ದಾರಿ ನೋಡ್ಕೊ," ಎಂದರು. ಪಿಎಚ್‌ಡಿಯ ಪ್ರಗತಿ ನೋಡುವ ಆ ಸಮಿತಿ ಸೇರಲು ಉಳಿದದ್ದು ಆರು ವಾರ. ಅಕ್ಕ ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದಳು. ಆ ಚಹಾಕ್ಕೆ ನಾನು ಕೃತಜ್ಞಳಾಗಿದ್ದೆ.

ಹಳೆಯ ಬಣ್ಣದ ಶೀಶೆಯೊಂದರ ಬ್ಯಾಚ್ ನಂಬರು ಬೇಕಾಗಿ ಅಕ್ಕನ ಹಳೆಯ ಲ್ಯಾಬ್ ಪುಸ್ತಕವನ್ನು ಕಪಾಟಿನಿಂದ ತೆಗೆದೆ. ಅವಳು ದಸರೆಗೆ ಊರಿಗೆ ಹೋಗಿದ್ದಳು. ನಂಬರು ಸಿಕ್ಕಿತು. ಮುಂದಿನ ಪುಟದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು, ಕೆಳಗೆ ಗೆರೆ: ಈ ಪ್ರೊಟೀನನ್ನು ಟ್ರಿಪ್ಸಿನ್ ಕತ್ತರಿಸಿಬಿಡುತ್ತದೆ, ಕಿಣ್ವವಿಲ್ಲದ ದ್ರಾವಣದಿಂದಲೇ ಎಬ್ಬಿಸಬೇಕು. ಪಕ್ಕದಲ್ಲಿ ಒಂದು ಗ್ರಾಫ್ ಅಂಟಿಸಿದ್ದಳು. ಅದರಲ್ಲಿ ಕೋಶಗಳು ಹೊಳೆಯುತ್ತಿದ್ದವು. ತಾರೀಖು ನೋಡಿದೆ. ನನಗೆ ಹಾಳೆ ಬರೆದುಕೊಡುವ ಹದಿನೈದು ದಿನ ಮೊದಲಿನದು. ಪುಟದ ಫೋಟೋ ತೆಗೆದುಕೊಂಡೆ.

ಮರುದಿನ ಎರಡು ಬಾಟಲಿ ಇಟ್ಟುಕೊಂಡೆ. ಒಂದರ ಕೋಶಗಳನ್ನು ಹಾಳೆಯಲ್ಲಿದ್ದಂತೆ ಎಬ್ಬಿಸಿದೆ. ಇನ್ನೊಂದರವನ್ನು ಕಿಣ್ವವಿಲ್ಲದ ದ್ರಾವಣದಲ್ಲಿ, ಅರ್ಧ ಗಂಟೆ ಕಾದು, ಮೆಲ್ಲಗೆ ತಟ್ಟಿ. ಮೊದಲನೆಯದು ಎಂದಿನ ಹಾಗೆ ಸೊನ್ನೆ. ಎರಡನೆಯದರ ಗ್ರಾಫಿನ ಗುಡ್ಡ ಪರದೆಯ ಮೇಲೆ ಪೂರ್ತಿ ಬಲಕ್ಕೆ, ಹೊಳಪಿನ ಕಡೆಗೆ, ಸರಿದು ನಿಂತಿತು. ಪ್ರೊಟೀನು ಅಲ್ಲಿ ಇದ್ದೇ ಇತ್ತು. ಹೋಲಿಕೆಗೆ ಇಟ್ಟದ್ದು ಟ್ರಿಪ್ಸಿನ್ನಿಗೆ ಜಗ್ಗದ ಪ್ರೊಟೀನು, ಅದಕ್ಕೇ ಅದು ಮಾತ್ರ ಹೊಳೆಯುತ್ತಿತ್ತು. ಎಂಟು ತಿಂಗಳು ನಾನೇ ಅದನ್ನು ಕೈಯಾರೆ ಕೊಯ್ದು ತೆಗೆದು, ಆಮೇಲೆ ಇಲ್ಲವೆಂದು ಅಳೆದಿದ್ದೆ. ನನ್ನ ಒಂದೊಂದು ಸೊನ್ನೆಯೂ ಅವಳ ಪೇಪರಿಗೆ ಒಂದೊಂದು ಸಾಕ್ಷಿಯಾಗಿತ್ತು.

ಮನೆಗೆ ಫೋನು ಮಾಡಿ ಅಂಟಿತು ಎಂದೆ. "ಅಂಟ್ತಂತೆ, ಕೇಳ್ತಾ?" ಎಂದು ಅವ್ವ ಅಪ್ಪನಿಗೆ ಕೂಗಿದಳು. ಆಮೇಲೆ ನನಗೆ, "ಮತ್ತೆ ಎಂತಕೆ ಅಳ್ತೆ?" ಎಂದಳು.

ಅದೇ ವಾರ ಊರಿಗೆ ಬಂದು, ಯಲ್ಲಾಪುರದಿಂದ ಶಿರಸಿ, ಅಲ್ಲಿ ಬಸ್ಸು ಬದಲಿಸಿ ಸಿದ್ದಾಪುರ, ಮತ್ತೆ ಬದಲಿಸಿ ದೊಡ್ಮನೆಗೆ ಹೋದೆ. ದಾರಿಯುದ್ದಕ್ಕೂ ಬೈಗಳು ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದವರು ಅವಳ ತಾಯಿ. "ಬಾ ತಂಗಿ, ಒಳಗೆ ಬಾ. ಆಸ್ರಿಗೆ ಎಂತ ಬೇಕು? ಯಮ್ಮನೆ ಕೂಸು ಯಾವಾಗ್ಲೂ ನಿನ್ನ ಸುದ್ದಿನೇ ಹೇಳ್ತು," ಎಂದು ಮಜ್ಜಿಗೆ ತಂದಿಟ್ಟರು. ಮಜ್ಜಿಗೆ ಕುಡಿದೆ. ತಾಯಿ ಒಳಗೆ ಹೋದ ಮೇಲೆ ಮೊಬೈಲಿನಲ್ಲಿ ಆ ಪುಟದ ಫೋಟೋ ತೆರೆದು ಅಕ್ಕನ ಮುಂದೆ ಹಿಡಿದೆ.

ಅವಳು ಎರಡು ಬೆರಳಿನಿಂದ ತಾರೀಖನ್ನು ದೊಡ್ಡದು ಮಾಡಿ ನೋಡಿದಳು. ಫೋಟೋ ಸುಳ್ಳೆನ್ನಲಿಲ್ಲ.

"ಆನು ಸುಳ್ಳು ಬರೆದು ಕೊಟ್ಟಿದ್ನಿಲ್ಲೆ. ಎಲ್ಲರೂ ಟ್ರಿಪ್ಸಿನ್ನೇ ಹಾಕ್ತ. ನೀ ಕೇಳಿದ್ರೆ ಹೇಳ್ತಿದ್ದೆ."

"ಎಂತ ಕೇಳ್ಬೇಕು ಹೇಳಿ ಗೊತ್ತಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ ಅಕ್ಕಾ? ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಅಳ್ತಿದ್ನಲ, ಅದಾದ್ರೂ ಕೇಳಿಲ್ವಾ?"

"ಕೇಳ್ತಿತ್ತು."

ಇಷ್ಟು ಹೇಳಿ ಅವಳು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕಾಲೇಜಿನ ಕೆಲಸದ ಇಂಟರ್ವ್ಯೂ ಇತ್ತು. ಯಂಗೆ ಇದ್ದಿದ್ದು ಅದೊಂದೇ ಪೇಪರು. ಅದು ತಪ್ಪು ಹೇಳಿ ಆದ್ರೆ ಕೈಲಿ ಎಂತೂ ಇಲ್ಲೆ. ಕೆಲಸ ಆದ್ಮೇಲೆ ನಿಂಗೆ ಹೇಳವು ಅಂದ್ಕಂಡಿದ್ದಿ."

"ಅಷ್ಟ್ರಲ್ಲಿ ನನ್ನೇ ಮನೆಗೆ ಕಳಿಸ್ತಿದ್ರು."

ಅವಳು ಖಾಲಿ ಲೋಟ ಎತ್ತಿಕೊಂಡು ಎದ್ದಳು. ಅವಳ ತಾಯಿ ಊಟಕ್ಕೆ ನಿಲ್ಲಲು ಹೇಳಿದರು. ಬಸ್ಸಿನ ನೆಪ ಹೇಳಿ ಎದ್ದೆ.

ರಜೆ ಮುಗಿದ ಮೇಲೆ ಗೈಡ್‌ಗೆ ಎಲ್ಲ ತೋರಿಸಿದೆ. ಹೊಸ ಗ್ರಾಫ್ ಕಂಡು ಅವರ ಮುಖ ಅರಳಿತು. ಪುಟದ ಫೋಟೋ ನೋಡಿ ಬಾಡಿತು. "ಹೊಸಾದು ತೋರಿಸು. ಎರಡೂ ಬಾಜೂ ಬಾಜೂ ಇಡಬ್ಯಾಡ. ಹಳೇ ಪೇಪರಿಗೆ ನನ್ನ ಹೆಸರೂ ಐತಿ," ಎಂದರು. ಅಕ್ಕನ ಮೋಸವನ್ನು ಹೇಗೋ ನುಂಗಿಕೊಂಡು ಬಂದಿದ್ದೆ. ಇದನ್ನು ನುಂಗಲಾಗಲಿಲ್ಲ. ಎಲ್ಲಿ ತಪ್ಪಿತು ಎಂಬುದನ್ನು ಮುಚ್ಚಿದರೆ ಈ ಕೋಶಗಳ ಮೇಲೆ ಪ್ರೊಟೀನಿಲ್ಲ ಎಂಬ ಮಾತು ಹಾಗೇ ಉಳಿಯುತ್ತದೆ. ಇನ್ನೊಂದು ಊರಿನಲ್ಲಿ ಇನ್ನೊಬ್ಬಳು ಅದನ್ನು ನಂಬಿ ಔಷಧದ ಆ ದಾರಿಯನ್ನೇ ಬಿಡುತ್ತಾಳೆ.

ಸಮಿತಿಯ ಮುಂದೆ ಎರಡನ್ನೂ ಅಕ್ಕಪಕ್ಕ ಇಟ್ಟೆ. ಯಾರ ಹೆಸರೂ ಹೇಳಲಿಲ್ಲ. ಟ್ರಿಪ್ಸಿನ್ ಹಾಕಿದ್ದು ಇದು, ಹಾಕದ್ದು ಇದು ಎಂದೆ. ಹೊರಗಿನಿಂದ ಬಂದಿದ್ದ ಹಿರಿಯ ಸದಸ್ಯೆಯೊಬ್ಬರು ಮುಂದೆ ಬಾಗಿ ನೋಡಿ, "ಹಾಗಾದರೆ ಹಿಂದಿನ ಪೇಪರು?" ಎಂದು ಗೈಡನ್ನೇ ಕೇಳಿದರು. "ತಿದ್ದಬೇಕಾಗ್ತದ," ಎಂದರು ಅವರು, ಕನ್ನಡಕ ಒರೆಸುತ್ತ. ವಿಷಯ ಮುಚ್ಚಲಿಲ್ಲ. ನನ್ನ ಪ್ರಬಂಧಕ್ಕೆ ಸಹಿ ಹಾಕಲು ಮಾತ್ರ ಗೈಡ್ ತಿಂಗಳುಗಟ್ಟಲೆ ಸತಾಯಿಸಿದರು, ಹಾಕಿದ ದಿನ ಮುಖ ನೋಡಲಿಲ್ಲ. ಅಕ್ಕನಿಗೆ ಕಾಲೇಜಿನ ಕೆಲಸ ಅಷ್ಟರಲ್ಲಿ ಆಗಿಹೋಗಿತ್ತು. ಈಗ ಅವಳು ಮಕ್ಕಳಿಗೆ ಪಾಠ ಮಾಡುತ್ತಾಳೆ. ಆಮೇಲೆ ಒಂದು ಸಲ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಳು. ಇಬ್ಬರೂ ಬಸ್ಸಿನ ಬೋರ್ಡು ಓದುತ್ತ ನಿಂತೆವು.

ಇದೆಲ್ಲವನ್ನೂ ಫೋನಿನಲ್ಲಿ ಅವ್ವನಿಗೆ ಹೇಳುತ್ತ ಬಂದಿದ್ದೆ. ಪದವಿ ಪತ್ರ ತೆಗೆದುಕೊಂಡು ನೇರ ಅವ್ವನ ಶಾಲೆಗೆ ಹೋದೆ. ಅವ್ವ ಅಲ್ಲಿ ಮಕ್ಕಳ ಬಿಸಿಯೂಟ ಬೇಯಿಸುತ್ತಾಳೆ. ಸಾರಿನ ಪಾತ್ರೆ ಇಳಿಸಿ, ಕೈ ತೊಳೆದು, ಸೆರಗಿಗೆ ಎರಡು ಸಲ ಒರೆಸಿಕೊಂಡು ಕೈ ಚಾಚಿದಳು. ಕೊಟ್ಟೆ. ಅಂಚು ಮಾತ್ರ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಕನ್ನಡದ ಸಾಲುಗಳನ್ನು, ನನ್ನ ಹೆಸರನ್ನು, ಅಪ್ಪನ ಹೆಸರನ್ನು ತುಟಿ ಅಲ್ಲಾಡಿಸುತ್ತ ಓದಿದಳು. ಕೆಳಗಿನ ಸಹಿಗಳ ಹತ್ತಿರ ಬಂದು ನಿಂತಳು.

"ಇವು ಯಾರ್ದು?"

"ಕುಲಪತಿಗಳದ್ದು, ರಿಜಿಸ್ಟ್ರಾರರದ್ದು."

"ನಿಂಗೆ ಮೋಸ ಮಾಡ್ದೋರ ಪೈಕಿ ಯಾರ್ದೂ ಇಲ್ವಲ?"

"ಇಲ್ಲ."

"ಹಂಗಾರೆ ಗೋಡೆಗೆ ಹಾಕೂಕೆ ಅಡ್ಡಿಲ್ಲ," ಎಂದಳು ಅವ್ವ.