ಎರಡಕ್ಷರದ ಹೆಸರು

ಕೊಪ್ಪದಲ್ಲಿ ಮದುವೆ ವಿಡಿಯೊ ತೆಗೆಯುತ್ತಿದ್ದ ಕಾಲಕ್ಕೆ, ಅಲ್ಲಿ ಹೆಂಗಸರು ಹೇಳುತ್ತಿದ್ದ ಹಸೆ ಹಾಡುಗಳನ್ನೆಲ್ಲ ಮನೆಯ ಕಂಪ್ಯೂಟರಿಗೆ ತುಂಬಿ, ಹಾಡು ಜೋಡಿಸಿಡುವ ಒಂದು ಸಾಫ್ಟ್‌ವೇರ್ ಹಾಕಿಕೊಂಡಿದ್ದೆ. ಒಂದು ಹಾಡಿಗಾಗಿ ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸುವ ಕಷ್ಟ ತಪ್ಪಿತು. ಆದರೆ ಹಾಡಿದವರ ಹೆಸರನ್ನು ನಾವೇ ಟೈಪ್ ಮಾಡಬೇಕಿತ್ತು. ಸೋಮಾರಿತನಕ್ಕೆ ಅದನ್ನು ಬಿಟ್ಟಿದ್ದೆ.

ಒಂದು ದಿನ ಕಮ್ಮರಡಿ ಅಮ್ಮ ಬಂದರು. ನಾನು ಹೋದ ಅರ್ಧ ಮದುವೆಗಳಲ್ಲಿ ಅವರದೇ ಹಾಡು.

"ನನ್ನ ಹಾಡು ನಿನ್ನ ಪೆಟ್ಟಿಗೆಯಲ್ಲಿ ಉಂಟಂತಲ್ಲ ಮಾರಾಯ, ಕೇಳಿಸು."

ಕೇಳಿಸಿದೆ. ತಮ್ಮದೇ ದನಿಗೆ ತಲೆದೂಗುತ್ತಾ ಪರದೆಯತ್ತ ಬಗ್ಗಿದರು.

"ಇದರಲ್ಲಿ ನನ್ನ ಹೆಸರು ಎಲ್ಲಿದೆ?"

ಖಾಲಿ ಬಿಟ್ಟ ಜಾಗದಲ್ಲಿ ಸಾಫ್ಟ್‌ವೇರ್ ತಾನಾಗಿ 'ಹಾಡಿದವರು ಗೊತ್ತಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡಿತ್ತು. ಅವರಿಗೆ ಇಂಗ್ಲಿಷ್ ಬಾರದೆಂಬ ಧೈರ್ಯದಲ್ಲಿ ಅದರ ಮೇಲೇ ಬೆರಳಿಟ್ಟು, "ಇದೇ ಅಮ್ಮ" ಅಂದೆ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ನನ್ನದು ಎರಡಕ್ಷರದ ಹೆಸರು. ಇಂಗ್ಲಿಷಲ್ಲಿ ಇಷ್ಟುದ್ದ ಆಗ್ತದಾ?" ಎಂದು ಖುಷಿಯಿಂದ ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕದ್ದು ನೆನಪಾದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಅವರು ಹೋದ ಕೂಡಲೇ ತಿದ್ದೋಣವೆಂದು ಕೂತೆ. ಕೀಬೋರ್ಡಿನ ಮೇಲಿಟ್ಟ ಬೆರಳು ಹಾಗೇ ನಿಂತಿತು. ಕಮ್ಮರಡಿ ಅವರ ಊರು, ಅಮ್ಮ ಅನ್ನುವುದು ನಾವು ಕರೆಯುವ ರೀತಿ. ಎಂಟು ವರ್ಷ ಅವರ ಮುಖಕ್ಕೆ ಕ್ಯಾಮೆರಾ ಹಿಡಿದವನು ಹೆಸರು ಕೇಳಿರಲಿಲ್ಲ. ಒಳಗಿದ್ದ ಹೆಂಡತಿಯನ್ನು ಕೇಳಿದೆ. "ಕಮ್ಮರಡಿ ಅಮ್ಮ ಅಲ್ವಾ?" ಅಂದಳು.

ಆ ಸಾಫ್ಟ್‌ವೇರನ್ನು ಎಷ್ಟೋ ಸಲ ಬೈದಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯುವ ಮರ್ಯಾದೆ ಅದಕ್ಕಾದರೂ ಇತ್ತು.