ಕರಡಿಗೆ ಟ್ರೇಯಲ್ಲಿ, ಲಿಂಗ ಅಂಗೈಯಲ್ಲಿ

ಒಣಗಿದ ಕಾಳುಮೆಣಸನ್ನು ಮೊರದಲ್ಲಿ ಕೇರುತ್ತಿದ್ದಾಗ ಫೋನು ಬಂತು. ಬರುತ್ತಿದ್ದ ಸೀನು ತಡೆದುಕೊಂಡು ರಿಸೀವರ್ ಎತ್ತಿದೆ. ಮಸ್ಕತ್ತಿನಿಂದ ಅಳಿಯ.

"ಅತ್ತೆ, ಇವಳಿಗೆ ಬಿ.ಪಿ. ಜಾಸ್ತಿ ಆಗಿದೆ. ವಿಮಾನ ಹತ್ತೋದೇ ಬೇಡ ಅಂದ್ಬಿಟ್ರು ಡಾಕ್ಟ್ರು. ಹೆರಿಗೆ ಇಲ್ಲೇ. ನೀವೇ ಬರ್ಬೇಕು."

ಚೊಚ್ಚಲ ಬಾಣಂತನ ತವರಿನಲ್ಲಿ ಎಂದು ಬಚ್ಚಲಿನ ಹಂಡೆ ಒಲೆಯನ್ನು ಹೊಸದಾಗಿ ಕಟ್ಟಿಸಿದ್ದೆ. ಈಗ ತವರೇ ಎದ್ದು ಹೊರಡಬೇಕಾಯಿತು. ಅಲ್ಲಿಯವರೆಗೆ ನಾನು ಹೋಗಿಬಂದ ದೂರವೆಂದರೆ ಶ್ರೀಶೈಲ, ಅದೂ ನೆಂಟರೊಟ್ಟಿಗೆ ಬಸ್ಸಿನಲ್ಲಿ. ಮಗಳ ಮದುವೆಯಾದ ವರ್ಷವೇ ಯಜಮಾನರು ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದರು. ಯಾತಕ್ಕೆ ಇದು ಎಂದು ನಕ್ಕಿದ್ದೆ. ಶಿವನ ದಯೆ, ಅವರು ನನ್ನ ಮಾತು ಕೇಳಿರಲಿಲ್ಲ.

ಮೆಣಸಿನ ಕೊಯ್ಲು ಬಿಟ್ಟು ಅವರು ಬರುವ ಹಾಗಿರಲಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ. ಅವರೇ ಹೇಳಿದರು: "ಹೋಗ್ಬಾ ಮಾರಾಯ್ತಿ. ನೀನು ಬರೋ ತನ್ಕ ನಾನೇನೂ ಸಾಯಲ್ಲ. ಮಾವಿನ ಮಿಡಿ ಉಪ್ಪಿಗೆ ಹಾಕೋದು ನಂಗೂ ಬರುತ್ತೆ."

ಯಜಮಾನರೂ ನಾನೂ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಬಂದೆವು. ಕಳಿಸಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ನನ್ನ ಮಾತ್ರೆ, ಕನ್ನಡಕ ಎರಡೂ ಅವರ ಜೇಬಿನಲ್ಲಿದ್ದವು. ಬಾಗಿಲಲ್ಲಿ ಈಸಿಕೊಂಡೆ.

ತಪಾಸಣೆಯ ಸಾಲಿನಲ್ಲಿ ಚೌಕಟ್ಟು ದಾಟುತ್ತಿದ್ದಂತೆ ಯಂತ್ರ ಕೂಗಿತು. ಸಮವಸ್ತ್ರದ ಹೆಂಗಸು ನನ್ನನ್ನು ಹಿಂದಕ್ಕೆ ಕಳಿಸಿ, ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆ ಮುಟ್ಟಿ, ಟ್ರೇ ತೋರಿಸಿದಳು. ಅದರಲ್ಲಿ ಯಾರದೋ ಬೂಟಿತ್ತು. ಕರಡಿಗೆಯೊಳಗಿದ್ದದ್ದು ನನ್ನ ಇಷ್ಟಲಿಂಗ. ಬುದ್ಧಿ ತಿಳಿದಾಗಿನಿಂದ ಅದು ನನ್ನ ಮೈ ಬಿಟ್ಟಿದ್ದಿಲ್ಲ. ನನ್ನ ಹೆರಿಗೆಯ ಹೊತ್ತಿನಲ್ಲೂ ತೆಗೆಸಿರಲಿಲ್ಲ. ಅವಳಾಡುವುದು ಹಿಂದಿ, ನನಗೆ ಬಾರದು. ಆಗದು ಎಂದು ತಲೆಯಾಡಿಸಿ ಅಲ್ಲೇ ನಿಂತೆ.

ಸಾಲಿನಲ್ಲಿ ನನ್ನ ಹಿಂದೆ ಬುರ್ಖಾ ತೊಟ್ಟ ಹೆಂಗಸೊಬ್ಬರಿದ್ದರು. ಗಂಡನ ಹತ್ತಿರ ಹೊರಟವರು, ಈ ದಾರಿಯಲ್ಲಿ ಪಳಗಿದವರು.

"ಎಂತ ಅಮ್ಮ, ತೆಗ್ದು ಕೊಡಿ. ಅವರೇನು ತಿನ್ಲಿಕ್ಕಿಲ್ಲ."

"ಇದು ಮೈಯಿಂದ ಬಿಡೋ ಹಾಗಿಲ್ಲಮ್ಮ. ದೇವರು."

"ದೇವರಾ? ಹಾಗಾದ್ರೆ ದೇವರತ್ರನೇ ಕೇಳಿ ಬೇಗ. ವಿಮಾನ ನಿಮಗೆ ಕಾಯುದಿಲ್ಲ, ನನಗೂ ಕಾಯುದಿಲ್ಲ."

ಅದು ತಪ್ಪಿದರೆ ಮೂರು ದಿನ ಬೇರೆ ವಿಮಾನವಿರಲಿಲ್ಲ. ಅಲ್ಲಿ ಮಗಳಿಗೆ ದಿನ ತುಂಬಿತ್ತು. ಲಿಂಗ ಬಿಟ್ಟು ಮಗಳ ಬಳಿಗೆ ಹೋಗುವುದೋ, ಲಿಂಗದೊಂದಿಗೆ ಮನೆಗೆ ತಿರುಗುವುದೋ ಎಂದು ನಿಂತವಳಿಗೆ ಬೆಳಗಿನ ಪೂಜೆ ನೆನಪಾಯಿತು. ದಿನಾ ಬೆಳಿಗ್ಗೆ ಅದನ್ನು ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿಟ್ಟುಕೊಳ್ಳುತ್ತೇನಲ್ಲ! ಅಂಗೈಯೂ ಮೈಯೇ. ಕೂಗುವುದು ಬೆಳ್ಳಿ, ಲಿಂಗವಲ್ಲ.

ಅಲ್ಲೇ ಶಿವದಾರ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಬರಿದಾದ ಕರಡಿಗೆಯನ್ನು ಟ್ರೇಗೆ ಹಾಕಿದೆ. ಬುರ್ಖಾದ ಆ ತಾಯಿ ಹಿಂದಿಯಲ್ಲಿ ಏನೋ ಹೇಳಿದರು. ಸಮವಸ್ತ್ರದವಳು ಅಂಗೈ ಬಗ್ಗಿ ನೋಡಿ, ಕೈಯಂತ್ರವನ್ನು ಒಮ್ಮೆ ಮೇಲಾಡಿಸಿ, ಹೋಗು ಎಂದಳು. ಯಂತ್ರ ಸುಮ್ಮನಿತ್ತು.

ಲಿಂಗ ಹಿಡಿದ ಕೈ ಕಟ್ಟಿಹಾಕಿದಂತಿತ್ತು; ನನ್ನ ಬ್ಯಾಗು, ಚಪ್ಪಲಿಗಳನ್ನು ಆ ತಾಯಿಯೇ ಎತ್ತಿ ತಂದರು. ಕರಡಿಗೆ ಬಂದಾಗ ಮಾತ್ರ ಮುಟ್ಟಲಿಲ್ಲ. "ಅದನ್ನು ನೀವೇ ತಗೊಳ್ಳಿ ಅಮ್ಮ" ಎಂದರು. ವಿಮಾನದಲ್ಲಿ ನನ್ನ ಬೆಲ್ಟ್ ಹಾಕಿದವರೂ ಅವರೇ. ಅವರ ಹೆಸರು ಕೇಳಲಿಲ್ಲ. ಪೂಜೆಯಲ್ಲಿ ಒಮ್ಮೊಮ್ಮೆ ಹೆಸರಿಲ್ಲದೆಯೇ ನೆನೆಯುತ್ತೇನೆ.

ನಾನು ತಲುಪಿದ ಮಾರನೆಯ ದಿನ ಮಗಳಿಗೆ ನೋವು ಬಂತು. ಗಂಡು ಮಗು. ಇಬ್ಬರೂ ಸುಖ. ಅಲ್ಲಿ ಹಂಡೆಯಿಲ್ಲ, ಕೊಳಾಯಿ ತಿರುವಿದರೆ ಬಿಸಿನೀರು. ಬಾಣಂತಿಯ ಸ್ನಾನಕ್ಕೆ ಅದೂ ಸಾಕಾಯಿತು.

ವಾಪಸು ಹೊರಡುವಾಗ, ಮಗುವಿಗೆಂದು ಒಯ್ದಿದ್ದ ಹೊಸ ಬಿಳಿ ಬಟ್ಟೆಯಲ್ಲಿ ಉಳಿದಿದ್ದ ತುಂಡಿನಲ್ಲಿ ಲಿಂಗವನ್ನು ಸುತ್ತಿ ಕೊರಳಿಗೆ ಕಟ್ಟಿಕೊಂಡೆ. ಕರಡಿಗೆ ಪೆಟ್ಟಿಗೆಯ ತಳಕ್ಕೆ ಹೋಯಿತು. ಯಾವ ಬಾಗಿಲೂ ಕೂಗಲಿಲ್ಲ.

ಮನೆಯಲ್ಲಿ ಅತ್ತೆಯ ಕಣ್ಣು ಮೊದಲು ಬಿದ್ದದ್ದೇ ಕೊರಳಿಗೆ. "ಎಲ್ಲೇ ಕರಡಿಗೆ?"

ನಡೆದದ್ದನ್ನು ಹೇಳಿದೆ. ಅವರು ನಕ್ಕುಬಿಟ್ಟರು.

"ನಮ್ಮಜ್ಜಿ ಕಾಶಿಗೆ ಹೋಗಿ ಬಂದಿದ್ದೂ ಬಟ್ಟೇಲಿ ಕಟ್ಕೊಂಡೇ. ಅದನ್ನ ಕಲಿಯಕ್ಕೆ ನೀನು ಸಮುದ್ರ ದಾಟ್ಬೇಕಾಯ್ತಾ? ಸರಿ, ಮೊದ್ಲು ಆ ಭರಣಿ ನೋಡು."

ಮುಚ್ಚಳ ತೆಗೆದೆ. ಮಿಡಿಗಳು ಉಪ್ಪು ಕುಡಿದು ಸುಕ್ಕಾಗಿದ್ದವು, ಖಾರ ಹಾಕುವ ಹದ. ಸ್ನಾನ, ಪೂಜೆ ಮುಗಿಸಿ ಸಾಸಿವೆ ಆರಿಸಲು ಕೂತೆ.